ಪ್ಲಂಬರ್‌ಗೆ ಹೇಳಿದ್ರಾ? ‘ದಿ ಗ್ರೇಟ್ ಇಂಡಿಯನ್ ಕಿಚನ್’ ಮತ್ತು ಅದರ ಹಿಂದಿ ರೂಪ ‘ಮಿಸೆಸ್’

ಎರಡರಲ್ಲಿ ಒಂದನ್ನೇ ನೋಡಲು ಪುರುಸೊತ್ತಿದ್ದರೆ ಮಲಯಾಳಂನ ‘ದಿ ಗ್ರೇಟ್ ಇಂಡಿಯನ್ ಕಿಚನ್’ ನೋಡಿ. ಎರಡನ್ನೂ ನೋಡುವುದಾದರೆ ಮೊದಲು ಮಲಯಾಳಂ, ಆಮೇಲೆ ಹಿಂದಿ. ಹಿಂದಿಯದನ್ನು ಮೊದಲು ನೋಡಿದವರಿಗೆ ಕಥೆಯ ತಿರುವುಗಳೆಲ್ಲ ಗೊತ್ತಾಗಿಬಿಡುತ್ತವೆ. ಮೂಲ ಚಿತ್ರ ನಿಂತಿರುವುದು ತಿರುವಿನ ಮೇಲಲ್ಲವಾದರೂ, ಮುಂದೇನು ಎಂದು ತಿಳಿದವರು ಪಾತ್ರೆ ತೊಳೆಯುವ ದೃಶ್ಯ ಬಂದಾಗಲೆಲ್ಲ ಓಡಿಸಿಬಿಡುತ್ತಾರೆ. ಹಾಗೆ ಓಡಿಸಿದರೆ ಚಿತ್ರವನ್ನೇ ನೋಡಿದಂತಾಗುವುದಿಲ್ಲ. ಮುಂದೆ ಎರಡೂ ಚಿತ್ರಗಳ ಕೊನೆಯವರೆಗಿನ ವಿವರ ಬರುತ್ತದೆ, ನೋಡದೇ ಇರುವವರು ನೋಡಿಯೇ ಓದಿದರೆ ಒಳ್ಳೆಯದು.

ಜಿಯೋ ಬೇಬಿ ಬರೆದು ನಿರ್ದೇಶಿಸಿದ ಮೂಲ ಚಿತ್ರ 2021ರ ಜನವರಿ 15ರಂದು ನೀಸ್ಟ್ರೀಮ್ ಎಂಬ ಸಣ್ಣ ಒಟಿಟಿಯಲ್ಲಿ ಬಂತು. ದೊಡ್ಡ ವೇದಿಕೆಗಳು ಮೊದಲು ಬೇಡವೆಂದಿದ್ದವು. ಬಾಯಿಂದ ಬಾಯಿಗೆ ಸುದ್ದಿ ಹಬ್ಬಿದ ಮೇಲೆ ಅದೇ ವರ್ಷ ಪ್ರೈಮ್ ವಿಡಿಯೋಗೂ ಬಂತು. ಅವಧಿ 100 ನಿಮಿಷ. ಮುಖ್ಯ ಪಾತ್ರಗಳಲ್ಲಿ ನಿಮಿಷಾ ಸಜಯನ್ ಮತ್ತು ಸೂರಜ್ ವೆಂಞಾರಮೂಡು. 2020ನೇ ಸಾಲಿನ ಕೇರಳ ರಾಜ್ಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಚಿತ್ರ, ಅತ್ಯುತ್ತಮ ಚಿತ್ರಕಥೆ ಇದರ ಪಾಲಾದವು. ಮನೆಯಲ್ಲಿ ತಾನೇ ಅಡುಗೆ ಕೆಲಸಕ್ಕೆ ಇಳಿದ ಮೇಲೆ ಈ ಕಥೆ ಹುಟ್ಟಿತು ಎಂದು ನಿರ್ದೇಶಕರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಚಿತ್ರ ನೋಡಿದರೆ ಆ ಮಾತು ನಂಬಬಹುದು. ಅಡುಗೆಮನೆಯ ಕೆಲಸವನ್ನು ಬಾಗಿಲಲ್ಲಿ ನಿಂತು ನೋಡಿದವರಿಗೆ ಹೊಳೆಯದ ವಿವರಗಳು ಇದರಲ್ಲಿ ತುಂಬಿವೆ.

ಕಥೆ ಎರಡು ಸಾಲಿನದು. ನೃತ್ಯ ಕಲಿತ ಹುಡುಗಿಯೊಬ್ಬಳು ಹಳೆಯ, ಮರ್ಯಾದಸ್ಥ ಮನೆತನಕ್ಕೆ ಸೊಸೆಯಾಗಿ ಹೋಗುತ್ತಾಳೆ. ಆ ಮನೆಯ ಅಡುಗೆಮನೆ ಅವಳನ್ನು ದಿನದಿನವೂ ಸವೆಸುತ್ತದೆ, ಕೊನೆಗೊಂದು ದಿನ ಅವಳು ಹೊರಟುಬಿಡುತ್ತಾಳೆ. ಗಂಡ, ಹೆಂಡತಿ ಇಬ್ಬರಿಗೂ ಚಿತ್ರದಲ್ಲಿ ಹೆಸರಿಲ್ಲ. ಹಾಗಿದ್ದರೂ ಅವಳು ಯಾರೋ ಒಬ್ಬಳಾಗಿ ಉಳಿಯುವುದಿಲ್ಲ. ನೆಲ ಒರೆಸುವಾಗ ಅವಳು ಹೇಗೆ ಬಾಗುತ್ತಾಳೆ, ಕೈ ಮೂಸಿಕೊಂಡು ಹೇಗೆ ಮುಖ ಕಿವುಚುತ್ತಾಳೆ ಎಂಬುದು ಚಿತ್ರ ಮುಗಿಯುವ ಹೊತ್ತಿಗೆ ನಮಗೆ ಚೆನ್ನಾಗಿ ಗೊತ್ತಿರುತ್ತದೆ. ಹೆಸರಿನ ಜಾಗದಲ್ಲಿ ಕೆಲಸ ಕೂತಿದೆ.

ಚಿತ್ರ ಶುರುವಾಗುವುದೇ ಬಾಯಲ್ಲಿ ನೀರೂರಿಸುತ್ತ. ಒಂದು ಕಡೆ ಅವಳ ನೃತ್ಯಾಭ್ಯಾಸ, ಇನ್ನೊಂದು ಕಡೆ ಹೆಣ್ಣು ನೋಡಲು ಬರುವವರಿಗಾಗಿ ಎಣ್ಣೆಯಲ್ಲಿ ಅರಳುತ್ತಿರುವ ಕರಿದ ತಿಂಡಿಗಳು. ಮದುವೆಯಾದ ಹೊಸದರ ಅಡುಗೆ ದೃಶ್ಯಗಳೂ ಹಾಗೆಯೇ ಇವೆ. ಮೇಲಿನಿಂದ ಇಳಿಯುವ ಕ್ಯಾಮೆರಾ, ಚಕಚಕನೆ ತರಕಾರಿ ಹೆಚ್ಚುವ ಕೈ, ಒಗ್ಗರಣೆಯ ಚಟಪಟ, ಹಬೆಯಾಡುವ ಪುಟ್ಟು. ಯೂಟ್ಯೂಬ್‌ನ ಅಡುಗೆ ವಿಡಿಯೋ ನೋಡಿದಷ್ಟೇ ಖುಷಿಯಾಗುತ್ತದೆ. ಆಮೇಲೆ ನಿರ್ದೇಶಕರು ಅಡುಗೆ ಬದಲಿಸುವುದಿಲ್ಲ. ಅದೇ ತಿಂಡಿ, ಅದೇ ಸಾಂಬಾರು, ಅದೇ ಕೋನ. ಒಂದೊಂದು ಸುತ್ತಿಗೂ ದೃಶ್ಯದ ಕೊನೆಗೆ ಒಂದಿಷ್ಟು ಸೇರಿಸುತ್ತಾರೆ, ಅಷ್ಟೇ. ಮೊದಲ ಸುತ್ತು ಊಟಕ್ಕೆ ನಿಲ್ಲುತ್ತದೆ. ಮುಂದಿನದು ಊಟವಾದ ಮೇಲಿನ ಮೇಜಿಗೆ ಹೋಗುತ್ತದೆ. ಅದರ ಮುಂದಿನದು ಸಿಂಕಿಗೆ, ಅಲ್ಲಿಂದ ಸಿಂಕಿನ ಕೆಳಗಿನ ಬಕೆಟ್ಟಿಗೆ, ನೆಲ ಒರೆಸುವ ಬಟ್ಟೆಗೆ, ಹಿತ್ತಲಿಗೆ. ಅರ್ಧ ಚಿತ್ರ ಮುಗಿಯುವಷ್ಟರಲ್ಲಿ ಒಗ್ಗರಣೆಯ ಸದ್ದು ಕೇಳಿದರೂ ಸುಸ್ತಾಗುತ್ತದೆ. ಊಟ ರುಚಿಯಾಗಿಯೇ ಇದೆ, ಅದರ ಬೆಲೆ ಎಷ್ಟು ಎಂಬುದು ನೋಡುಗರಿಗೆ ಗೊತ್ತಾಗಿರುತ್ತದೆ.

ಈ ವಿಧಾನಕ್ಕೆ ಜಗತ್ತಿನ ಸಿನಿಮಾದಲ್ಲಿ ಹಿರಿಯಕ್ಕನೊಬ್ಬಳಿದ್ದಾಳೆ. ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ 1975ರಲ್ಲಿ ಮಾಡಿದ ‘ಜಾನ್ ಡೀಲ್ಮನ್’ ಚಿತ್ರ ಒಬ್ಬ ಗೃಹಿಣಿಯ ಮೂರು ದಿನಗಳನ್ನು 201 ನಿಮಿಷ ತೋರಿಸುತ್ತದೆ. ಆಲೂಗಡ್ಡೆ ಸುಲಿಯುವುದನ್ನು ಅಲುಗಾಡದ ಕ್ಯಾಮೆರಾ ಪೂರ್ತಿ ನೋಡುತ್ತದೆ. 2022ರಲ್ಲಿ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ವಿಮರ್ಶಕರಿಂದ ಮತ ಪಡೆದಾಗ ಅದೇ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿಯಲ್ಲಿ ಮೊದಲು ಬಂತು. ಅಕರ್‌ಮನ್ ಒಂದೇ ಕೆಲಸವನ್ನು ಉದ್ದಕ್ಕೆ ಹಿಡಿದು ಕಾಲದ ಭಾರ ತೋರಿಸುತ್ತಾರೆ. ಜಿಯೋ ಬೇಬಿ ಚಿಕ್ಕ ಚಿಕ್ಕ ತುಣುಕುಗಳನ್ನು ಮತ್ತೆ ಮತ್ತೆ ಜೋಡಿಸಿ ಅದನ್ನೇ ಸಾಧಿಸುತ್ತಾರೆ. ಮೊಬೈಲಿನಲ್ಲಿ ನೋಡುವ ಜನಕ್ಕೆ ಎರಡನೆಯ ದಾರಿಯೇ ಹತ್ತಿರ. ಹಾಗಾಗಿಯೇ ಚಿತ್ರೋತ್ಸವದ ಮುಖ ನೋಡದ ಮನೆಗಳಿಗೂ ಇದು ತಲುಪಿತು.

ಈ ಮನೆಯಲ್ಲಿ ಮಿಕ್ಸಿ ಇದೆ, ಕುಕ್ಕರ್ ಇದೆ, ವಾಷಿಂಗ್ ಮಷೀನ್ ಇದೆ, ಗ್ಯಾಸ್ ಒಲೆಯೂ ಇದೆ. ಆದರೆ ಮಾವನಿಗೆ ಕುಕ್ಕರ್ ಅನ್ನ ಸೇರದು, ಸೌದೆ ಒಲೆಯದೇ ಆಗಬೇಕು. ಚಟ್ನಿಯನ್ನು ಕಲ್ಲಿನಲ್ಲೇ ಅರೆಯಬೇಕು. ತನ್ನ ಬಟ್ಟೆ ಮಷೀನಿಗೆ ಹಾಕಿದರೆ ಹಾಳಾಗುತ್ತದೆ, ಕೈಯಲ್ಲೇ ಒಗೆಯಬೇಕು. ಇದೆಲ್ಲ ಕೇಳಲು ಸಣ್ಣ ಆಸೆಗಳು. ಕೈಗೆ ಬಂದಾಗಲೇ ಲೆಕ್ಕ ತಿಳಿಯುವುದು. ಮಿಕ್ಸಿಯಲ್ಲಿ ಎರಡು ನಿಮಿಷಕ್ಕೆ ಮುಗಿಯುವ ಚಟ್ನಿಗೆ ಕಲ್ಲಿನಲ್ಲಿ ಹತ್ತು-ಇಪ್ಪತ್ತು ನಿಮಿಷ ಬೇಕು. ಕಲ್ಲು ಮೊದಲು ತೊಳೆಯಬೇಕು, ಅರೆದಾದ ಮೇಲೂ ತೊಳೆಯಬೇಕು. ಕುಕ್ಕರ್ ಆದರೆ ಸೀಟಿ ಎಣಿಸಿ ಬೇರೆ ಕೆಲಸ ನೋಡಬಹುದು. ಸೌದೆ ಒಲೆಯಾದರೆ ಪಕ್ಕದಲ್ಲೇ ಇರಬೇಕು. ಉರಿ ಊದಬೇಕು, ಅಗುಳು ಹಿಸುಕಿ ನೋಡಬೇಕು, ಸರಿಯಾದ ಹೊತ್ತಿಗೆ ಗಂಜಿ ಬಸಿಯಬೇಕು, ಮಸಿ ಹಿಡಿದ ಪಾತ್ರೆ ಬೆಳಗಬೇಕು. ಮೂರು ಸಣ್ಣ ಆಸೆ ಸೇರಿದರೆ ಒಬ್ಬಳ ಇಡೀ ಬೆಳಗು ಹೋಯಿತು.

ಮಾವ ಇದನ್ನೆಲ್ಲ ಗದರಿಸಿ ಹೇಳುವುದಿಲ್ಲ. ‘ಮೋಳೇ’ ಎಂದು, ಮಗಳನ್ನು ಕರೆದಷ್ಟೇ ಅಕ್ಕರೆಯಿಂದ ಹೇಳುತ್ತಾನೆ. ಬೆಳಗ್ಗೆ ಹಲ್ಲುಜ್ಜುವ ಬ್ರಷ್‌ಗೆ ಪೇಸ್ಟ್ ಹಚ್ಚಿ ಅತ್ತೆ ಅವನ ಕೈಗೆ ಕೊಡಬೇಕು, ಹೊರಗೆ ಹೊರಟರೆ ಚಪ್ಪಲಿ ತಂದಿಡಬೇಕು. ಟಿ. ಸುರೇಶ್ ಬಾಬು ಈ ಪಾತ್ರವನ್ನು ಎಲ್ಲೂ ದನಿ ಏರಿಸದೆ ಆಡಿದ್ದಾರೆ. ಇಡೀ ಚಿತ್ರದ ಅತ್ಯಂತ ಸೂಕ್ಷ್ಮವಾದ ನಟನೆ ಇದು. ಬೈಯುವ ಮಾವನಿಗೆ ತಿರುಗಿ ಮಾತಾಡಬಹುದು. ‘ನಿನಗೆ ಕಷ್ಟವಾದರೆ ಬೇಡ ಬಿಡಮ್ಮ’ ಎನ್ನುವ ಧಾಟಿಯಲ್ಲಿ ಕೇಳುವವನಿಗೆ ಏನು ಹೇಳುವುದು? ಇಲ್ಲ ಎಂದರೆ ಸೊಸೆಯೇ ಕೆಟ್ಟವಳಾಗುತ್ತಾಳೆ.

ಊಟದ ಮೇಜಿನ ದೃಶ್ಯವನ್ನು ನಿಧಾನಕ್ಕೆ ನೋಡಬೇಕು. ಗಂಡಸರು ಮೊದಲು ಉಣ್ಣುತ್ತಾರೆ. ನುಗ್ಗೆಕಾಯಿ ಜಗಿದ ಚರಟವನ್ನು ತಟ್ಟೆಯ ಪಕ್ಕ, ಮೇಜಿನ ಮೇಲೆಯೇ ಹಾಕಿ ಎದ್ದುಹೋಗುತ್ತಾರೆ. ಆಮೇಲೆ ಹೆಂಗಸರ ಸರದಿ. ಅತ್ತೆ ಅದೇ ಜಾಗದಲ್ಲಿ, ಆ ಎಂಜಲಿನ ನಡುವೆ ಕೂತು ಏನೂ ಆಗದವರಂತೆ ಊಟ ಮಾಡುತ್ತಾರೆ. ಸೊಸೆಗೆ ತುತ್ತು ಇಳಿಯದು. ಮಾತಿಲ್ಲ, ಕಣ್ಣೀರಿಲ್ಲ. ಮುಂದೆ ದಂಪತಿ ಹೋಟೆಲಿಗೆ ಹೋದಾಗ ಗಂಡ ಅಗಿದದ್ದನ್ನು ನೀಟಾಗಿ ಬೇರೆ ತಟ್ಟೆಯಲ್ಲಿ ಇಡುತ್ತಾನೆ. ಹೊರಗೆ ಬಂದರೆ ನಿಮಗೂ ಟೇಬಲ್ ಮ್ಯಾನರ್ಸ್ ಗೊತ್ತಲ್ಲ ಎಂದು ಅವಳು ನಗುತ್ತಾಳೆ. ನಮ್ಮ ಮನೆಯಲ್ಲಿ ನಮಗೆ ಬೇಕಾದ ಹಾಗೆ ಇರುತ್ತೇವೆ ಎಂದು ಅವನು ಸಿಡುಕುತ್ತಾನೆ, ಮನೆಗೆ ಬಂದ ಮೇಲೆ ಕ್ಷಮೆ ಕೇಳಿಸುತ್ತಾನೆ. ಹಾಗಾದರೆ ಅವನಿಗೆ ಗೊತ್ತಿಲ್ಲದ್ದೇನೂ ಇಲ್ಲ. ಸಂಬಳವಿಲ್ಲದೆ ಎತ್ತುವ ಕೈ ಎಲ್ಲಿದೆ, ಎಲ್ಲಿಲ್ಲ ಎಂಬುದರ ಮೇಲೆ ಅವನ ಶಿಸ್ತು ನಿಂತಿದೆ. ಇದೇ ಮನುಷ್ಯ ಶಾಲೆಯಲ್ಲಿ ಸಮಾಜವಿಜ್ಞಾನದ ಮೇಷ್ಟ್ರು. ತರಗತಿಯಲ್ಲಿ ಕುಟುಂಬವೆಂದರೇನು ಎಂದು ಪಾಠ ಮಾಡುತ್ತಾನೆ.

ಇನ್ನು ಸಿಂಕು. ಅಡುಗೆಮನೆಯ ಸಿಂಕಿನ ಕೆಳಗಿನ ಪೈಪು ಸೋರುತ್ತಿದೆ. ಪ್ಲಂಬರ್‌ಗೆ ಹೇಳಿ ಎನ್ನುತ್ತಾಳೆ. ಹೇಳ್ತೀನಿ ಎನ್ನುತ್ತಾನೆ. ಮರೆತುಹೋಯಿತು ಎನ್ನುತ್ತಾನೆ. ಮತ್ತೆ ಕೇಳುತ್ತಾಳೆ, ಮತ್ತೆ ಮರೆಯುತ್ತಾನೆ. ಈ ರಿಪೇರಿ ಎಷ್ಟರದು ಎಂದು ಗೊತ್ತಿದ್ದರೆ ದೃಶ್ಯ ಇನ್ನೂ ಚುಚ್ಚುತ್ತದೆ. ಸಿಂಕಿನ ಕೆಳಗೆ ಸಾಮಾನ್ಯವಾಗಿ ಸೋರುವುದು ಸಿಂಕಿಗೂ ವೇಸ್ಟ್ ಪೈಪಿಗೂ ಕೂಡುವ ಜಾಗದಲ್ಲಿ. ಅಲ್ಲಿನ ರಬ್ಬರ್ ವಾಷರ್ ಬಿಸಿನೀರು, ಜಿಡ್ಡಿಗೆ ಗಟ್ಟಿಯಾಗಿ ಬಿರಿಯುತ್ತದೆ, ಇಲ್ಲವೇ ನಟ್ಟು ಸಡಿಲವಾಗುತ್ತದೆ. ವಾಷರ್ ಬದಲಿಸಿ ನಟ್ಟು ಬಿಗಿ ಮಾಡಿದರೆ ಅರ್ಧ ಗಂಟೆಯ ಕೆಲಸ. ಪೈಪೇ ಒಡೆದಿದ್ದರೂ ಪ್ಲಾಸ್ಟಿಕ್ ವೇಸ್ಟ್ ಪೈಪು ಯಾವ ಹಾರ್ಡ್‌ವೇರ್ ಅಂಗಡಿಯಲ್ಲಾದರೂ ಸಿಗುತ್ತದೆ. ಅರ್ಧ ಗಂಟೆಯ ಆ ಕೆಲಸ ಆಗದ್ದರಿಂದ ಅವಳ ದಿನಚರಿಗೆ ಎಷ್ಟು ಕೆಲಸ ಸೇರಿತು ನೋಡಿ: ಕೆಳಗೆ ಬಕೆಟ್ ಇಡುವುದು, ತುಂಬಿತೇ ಎಂದು ಬಗ್ಗಿ ನೋಡುವುದು, ಚೆಲ್ಲದಂತೆ ಎತ್ತಿ ಹೊರಗೆ ಸುರಿಯುವುದು, ಚೆಲ್ಲಿದ್ದನ್ನು ಒರೆಸುವುದು, ಒರೆಸಿದ ಬಟ್ಟೆ ಒಗೆಯುವುದು. ಅದರ ಮೇಲೆ ಕೊಳೆತ ವಾಸನೆ. ಪಾತ್ರೆಯ ಮುಸುರೆಯನ್ನು ಮೊದಲೇ ಬಳಿದು ಬೇರೆ ಹಾಕದೆ ಸಿಂಕಿಗೆ ಬಿಟ್ಟರೆ ಜಾಲರಿ ಕಟ್ಟಿಕೊಂಡು ನೀರು ನಿಲ್ಲುತ್ತದೆ, ಸೋರಿಕೆ ಹೆಚ್ಚುತ್ತದೆ. ತಟ್ಟೆ ಬಳಿಯದೆ ಎದ್ದವರು ಗಂಡಸರು, ಜಾಲರಿಗೆ ಕೈ ಹಾಕುವವಳು ಇವಳು.

ಇಲ್ಲಿ ಧ್ವನಿಯ ಕೆಲಸವನ್ನು ಹೇಳಲೇಬೇಕು. ಹಿನ್ನೆಲೆ ಸಂಗೀತ ಬಹುಮಟ್ಟಿಗೆ ಇಲ್ಲವೇ ಇಲ್ಲ. ತೊಟ್ಟಿಕ್ಕುವ ನೀರು, ಪಾತ್ರೆ ತಿಕ್ಕುವ ಸದ್ದು, ಪೊರಕೆ, ದೂರದಲ್ಲಿ ಗಂಡಸರು ಪೇಪರ್ ಮಡಚುವ ಸದ್ದು, ಇವೇ ಸಂಗೀತ. ಧ್ವನಿ ವಿನ್ಯಾಸಕ್ಕೆ ಟೋನಿ ಬಾಬು ಅವರಿಗೆ ರಾಜ್ಯ ಪ್ರಶಸ್ತಿ ಬಂದದ್ದು ಸುಮ್ಮನೆ ಅಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಈ ಚಿತ್ರದಲ್ಲಿ ಉಣ್ಣುವುದೂ ಮಲಗುವುದೂ ಎರಡೂ ಜಗಳದ ಜಾಗಗಳೇ. ರಾತ್ರಿ ಗಂಡ ಹತ್ತಿರ ಬಂದಾಗ ಅವಳ ಮೂಗಿಗೆ ಸಿಂಕಿನ ವಾಸನೆ ಬರುತ್ತದೆ. ಸೋಪಿನಲ್ಲಿ ಎಷ್ಟು ತೊಳೆದರೂ ಹೋಗದ ವಾಸನೆ. ನೇರವಾಗಿ ಕೂಡುವುದರಿಂದ ತನಗೆ ನೋವಾಗುತ್ತದೆ, ಮೊದಲು ಸ್ವಲ್ಪ ಮುದ್ದು ಮಾಡಿದರೆ ಒಳ್ಳೆಯದು ಎಂದು ಒಂದು ರಾತ್ರಿ ಧೈರ್ಯ ಮಾಡಿ ಕೇಳುತ್ತಾಳೆ. ಓಹೋ, ಇದೆಲ್ಲ ನಿನಗೆ ಗೊತ್ತಾ ಎನ್ನುತ್ತಾನೆ ಅವನು. ಅದಕ್ಕೆ ನಿನ್ನ ಮೇಲೆ ಏನಾದರೂ ಅನ್ನಿಸಬೇಕಲ್ಲ ಎಂದು ಸೇರಿಸುತ್ತಾನೆ. ಹೊಡೆತವಿಲ್ಲ, ಬೈಗುಳವಿಲ್ಲ. ಅಡುಗೆಮನೆಯಲ್ಲಿ ಇನ್ನೊಬ್ಬರ ನಾಲಗೆಗೆ ದುಡಿದು ಬಂದವಳಿಗೆ ಹಾಸಿಗೆಯಲ್ಲಿ ತನ್ನದೊಂದು ಬೇಕು ಎನ್ನುವ ಹಕ್ಕೂ ಇಲ್ಲ ಎಂಬುದನ್ನು ಎರಡು ವಾಕ್ಯದಲ್ಲಿ ಮುಗಿಸಿದ್ದಾರೆ. ಸೂರಜ್ ಕೇರಳದಲ್ಲಿ ಹಾಸ್ಯನಟನಾಗಿ ಹೆಸರಾದವರು. ಆ ಪರಿಚಿತ, ನಿರುಪದ್ರವಿ ಮುಖದಿಂದ ಈ ಮಾತು ಬರುವುದೇ ಹೆಚ್ಚು ಕೊರೆಯುತ್ತದೆ.

ಹೆಣ್ಣಿಗೆ ಹೆಣ್ಣೇ ಶತ್ರು ಎಂಬ ಹಳೆಯ ಮಾತಿಗೆ ಈ ಚಿತ್ರ ಸೊಪ್ಪು ಹಾಕುವುದಿಲ್ಲ. ಅತ್ತೆ ಸ್ನಾತಕೋತ್ತರ ಪದವಿ ಪಡೆದವರು. ಕೆಲಸಕ್ಕೆ ಹೋಗುವುದು ಬೇಡ ಎಂದು ಆ ಕಾಲದಲ್ಲಿ ಮನೆಯ ಹಿರಿಯರು ತಡೆದರಂತೆ. ಮಾವ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಾನೆ. ಮನೆ ನೋಡಿಕೊಳ್ಳುವ ಹೆಂಗಸಿನ ಕೆಲಸ ಮಂತ್ರಿ, ಅಧಿಕಾರಿಗಳ ಕೆಲಸಕ್ಕಿಂತ ದೊಡ್ಡದು ಎನ್ನುತ್ತಾನೆ. ಕೆಲಸವನ್ನು ಹೊಗಳುವುದಕ್ಕೂ ಕೆಲಸ ಹಂಚಿಕೊಳ್ಳುವುದಕ್ಕೂ ನಡುವಿನ ಅಂತರ ಈ ಒಂದು ದೃಶ್ಯದಲ್ಲಿ ಕಾಣುತ್ತದೆ. ಮಗಳ ಬಾಣಂತನಕ್ಕೆಂದು ಅತ್ತೆ ವಿದೇಶಕ್ಕೆ ಹೋಗುತ್ತಾರೆ, ಅಂದರೆ ಇನ್ನೊಂದು ಅಡುಗೆಮನೆಗೆ. ಅಲ್ಲಿಂದ ಫೋನಿನಲ್ಲಿ ಸೊಸೆಗೆ, ನೃತ್ಯ ಶಿಕ್ಷಕಿಯ ಕೆಲಸಕ್ಕೆ ಅರ್ಜಿ ಹಾಕು, ನಾನು ಹೇಳಿದೆ ಅಂತ ಮಾತ್ರ ಹೇಳಬೇಡ ಎನ್ನುತ್ತಾರೆ. ಈ ಮನೆಯಲ್ಲಿ ಹೆಂಗಸರ ಒಗ್ಗಟ್ಟು ಅಷ್ಟು ಮೆಲ್ಲಗೆ ಮಾತ್ರ ಉಸಿರಾಡಬಲ್ಲದು. ಇತ್ತ ಸ್ವಂತ ತಾಯಿ, ಅಂಥ ಮನೆತನದಲ್ಲಿ ಹೊಂದಿಕೊಂಡು ಹೋಗಬೇಕು ಎಂದು ಬುದ್ಧಿ ಹೇಳುತ್ತಾಳೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುವ ಗಾದೆ ಕೇರಳದಲ್ಲೂ ಬೇರೆ ರೂಪದಲ್ಲಿ ಬದುಕಿದೆ.

ಮುಟ್ಟಿನ ಪ್ರಸಂಗದ ಹೊತ್ತಿಗೆ ಚಿತ್ರದ ದನಿ ಬದಲಾಗುತ್ತದೆ. ಮೊದಲ ಸಲ ಮುಟ್ಟಾದಾಗ ಅಡುಗೆಮನೆಯಿಂದ ಹೊರಗಿರಬೇಕು, ಕೆಲಸದವಳು ಉಷಾ ಬಂದು ಅಡುಗೆ ಮಾಡುತ್ತಾಳೆ. ಒಂದು ರೀತಿಯ ರಜೆಯೇ ಸಿಕ್ಕಂತೆ. ಮುಂದಿನ ಸಲ ಅಷ್ಟು ಸುಲಭವಿಲ್ಲ. ಗಂಡ ಮಾಲೆ ಹಾಕಿದ್ದಾನೆ. ಅಯ್ಯಪ್ಪನ 41 ದಿನದ ವ್ರತ ಎಂದರೆ ಏನು, ಮನೆಯಲ್ಲಿ ಮಡಿ ಎಷ್ಟು ಬಿಗಿಯಾಗುತ್ತದೆ ಎಂದು ಕರ್ನಾಟಕದವರಿಗೆ ವಿವರಿಸಬೇಕಾಗಿಲ್ಲ, ಪ್ರತಿ ವರ್ಷ ಇಲ್ಲಿಂದಲೂ ಸಾವಿರಾರು ಜನ ಇರುಮುಡಿ ಹೊತ್ತು ಹೋಗುತ್ತಾರೆ. ಅವಳನ್ನು ಬೇರೆ ಕೋಣೆಗೆ ಹಾಕುತ್ತಾರೆ. ಮನೆಗೆ ಬಂದ ಹಿರಿಯ ಹೆಂಗಸು ಹಾಸಿಗೆ ಬಿಡಿಸಿ ನೆಲದ ಮೇಲೆ ಮಲಗಿಸುತ್ತಾಳೆ. ಗಾಡಿಯಿಂದ ಬಿದ್ದ ಗಂಡನನ್ನು ಎತ್ತಲು ಅವಳು ಓಡಿ ಹೋಗಿ ಮುಟ್ಟಿದರೆ ಅವನು ತಳ್ಳಿಬಿಡುತ್ತಾನೆ, ಮೈಲಿಗೆ ಕಳೆಯುವುದು ಹೇಗೆಂದು ಗುರುಸ್ವಾಮಿಯನ್ನು ಕೇಳುತ್ತಾನೆ.

ಹಿನ್ನೆಲೆ ಶಬರಿಮಲೆಯ ಗದ್ದಲದ್ದು. 2018ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟು 4-1ರ ತೀರ್ಪಿನಲ್ಲಿ 10ರಿಂದ 50 ವರ್ಷದ ಹೆಂಗಸರ ಪ್ರವೇಶಕ್ಕಿದ್ದ ನಿಷೇಧ ತೆಗೆದುಹಾಕಿತು. ಭಿನ್ನಮತ ಬರೆದವರು ಪೀಠದಲ್ಲಿದ್ದ ಏಕೈಕ ಮಹಿಳೆ, ನ್ಯಾಯಮೂರ್ತಿ ಇಂದು ಮಲ್ಹೋತ್ರಾ. ಕೇರಳದ ಬೀದಿಗಳಲ್ಲಿ ಎರಡೂ ಪಾಳಯದ ಹೆಂಗಸರು ನಿಂತರು. ಪ್ರವೇಶದ ಪರವಾದ ವಿಡಿಯೋ ಒಂದನ್ನು ಚಿತ್ರದ ನಾಯಕಿ ಫೇಸ್‌ಬುಕ್‌ನಲ್ಲಿ ಹಂಚಿಕೊಳ್ಳುತ್ತಾಳೆ, ಅಳಿಸು ಎಂದರೆ ಅಳಿಸುವುದಿಲ್ಲ. ಇದು ಹೊರಗಿನಿಂದ ತಂದು ಅಂಟಿಸಿದ ರಾಜಕೀಯ ಎಂದು ಆಗ ಹಲವರು ಹೇಳಿದರು. ಆ ಮಾತು ಒಪ್ಪುವುದು ಕಷ್ಟ. ಒಂದೇ ಮೈ ತಿಂಗಳಿಗೆ ಮೂರು ದಿನ ಅಡುಗೆಮನೆಗೆ ಬೇಡ, ಉಳಿದ ದಿನಗಳು ಅಲ್ಲಿಂದ ಹೊರಬರುವ ಹಾಗಿಲ್ಲ. ಗುಡಿಯ ಬಾಗಿಲೂ ಅಡುಗೆಮನೆಯ ಬಾಗಿಲೂ ಒಂದೇ ಕೈಯಲ್ಲಿವೆ. ಚಿತ್ರ ಆ ಎರಡನ್ನು ಜೋಡಿಸದೆ ಇದ್ದಿದ್ದರೆ ಕೆಟ್ಟ ಮನೆಯೊಂದರ ಕಥೆಯಾಗಿ ನಿಲ್ಲುತ್ತಿತ್ತು.

ತಕರಾರು ಇರುವುದು ಉಷಾಳ ವಿಷಯದಲ್ಲಿ. ತನಗೆ ಮುಟ್ಟಾದರೆ ಯಾರಿಗೂ ಹೇಳುವುದಿಲ್ಲ, ಹೇಳಿದರೆ ಕೂಲಿ ಹೋಗುತ್ತದೆ ಎಂದು ಅವಳು ನಾಯಕಿಗೆ ಹೇಳುತ್ತಾಳೆ. ಇಡೀ ಮಡಿ-ಮೈಲಿಗೆಯ ಕಟ್ಟಡಕ್ಕೆ ಒಂದೇ ವಾಕ್ಯದಲ್ಲಿ ಬಿರುಕು. ಚಿತ್ರದ ಹಾಡುಗಳನ್ನು ಬರೆದವರು ದಲಿತ ಕವಯಿತ್ರಿ ಮೃದುಲಾ ದೇವಿ ಎಸ್., ಅವುಗಳಲ್ಲಿ ‘ಒರು ಕುಡಂ’ ಹಾಡು ಅವರ ಸಮುದಾಯದ ಪಾಳುವ ನುಡಿಯಲ್ಲಿದೆ. ಇಷ್ಟೆಲ್ಲ ಇಟ್ಟುಕೊಂಡೂ ಚಿತ್ರ ಉಷಾಳ ಹಿಂದೆ ಹೋಗುವುದಿಲ್ಲ. ಅವಳು ಬಂದು ಸತ್ಯ ಹೇಳಿ ಮರೆಯಾಗುತ್ತಾಳೆ. ನಾಯಕಿ ಹೊರಟುಹೋದ ಮೇಲೆ ಆ ಮನೆಯ ಮುಸುರೆ ಯಾರ ಪಾಲಿಗೆ? ಕೊನೆಯಲ್ಲಿ ಗಂಡನ ಎರಡನೆಯ ಹೆಂಡತಿಯನ್ನು ತೋರಿಸಿ ಅರ್ಧ ಉತ್ತರ ಕೊಟ್ಟಿದ್ದಾರೆ. ಉಳಿದರ್ಧ ಜಾತಿಯದು, ಅದು ಬಾಕಿ ಉಳಿದಿದೆ.

ಮುಕ್ತಾಯ ಗೊತ್ತಿರುವುದೇ. ವ್ರತಧಾರಿಗಳು ಕಪ್ಪು ಚಹಾ ಕೇಳುತ್ತಾರೆ, ಅವಳು ಸಿಂಕಿನ ಬಕೆಟ್ಟಿನ ನೀರನ್ನೇ ಲೋಟಗಳಿಗೆ ಹಾಕಿ ಕೊಡುತ್ತಾಳೆ. ರೇಗಿ ಬಂದವರ ಮುಖಕ್ಕೆ ಬಕೆಟ್ಟನ್ನೇ ಎರಚಿ ಹೊರಟುಹೋಗುತ್ತಾಳೆ. ಒಟಿಟಿಯಲ್ಲಿ ಬಂದ ಚಿತ್ರಕ್ಕೆ ಮನೆಮನೆಯಲ್ಲಿ ಚಪ್ಪಾಳೆ ಬಿದ್ದದ್ದು ಇಲ್ಲಿಗೇ. ಅದಕ್ಕಿಂತ ದೊಡ್ಡ ಕ್ಷಣ ತವರುಮನೆಯಲ್ಲಿದೆ. ಹೊರಗಿಂದ ಬಂದ ತಮ್ಮ ನೀರು ಬೇಕೆನ್ನುತ್ತಾನೆ, ತಂಗಿ ತರಲು ಏಳುತ್ತಾಳೆ. ಇವಳು ಕೂಗಿ ಅವಳನ್ನು ಕೂರಿಸುತ್ತಾಳೆ, ಅವನಿಗೆ ತಾನೇ ತೆಗೆದುಕೊಳ್ಳಲು ಏನು ಎಂದು ಕೇಳುತ್ತಾಳೆ. ಗಂಡನ ಮನೆಯಲ್ಲಿ ಕಂಡದ್ದು ತಾನು ಹುಟ್ಟಿದ ಮನೆಯಲ್ಲೂ ಮೊದಲಿನಿಂದ ಇತ್ತು ಎಂದು ಅವಳಿಗೆ ಅರ್ಥವಾದದ್ದು ಆಗ. ಆಮೇಲಿನ ನೃತ್ಯ ಶಿಕ್ಷಕಿ, ಕಾರು, ವೇದಿಕೆಯ ಕುಣಿತ, ಇವೆಲ್ಲ ತುಸು ಅವಸರದ್ದು. ಹೊರಟ ಹೆಣ್ಣಿಗೆ ಬಾಡಿಗೆ ಮನೆ ಯಾರು ಕೊಟ್ಟರು, ಮೊದಲ ತಿಂಗಳ ದುಡ್ಡು ಎಲ್ಲಿಂದ, ವಿಚ್ಛೇದನಕ್ಕೆ ಎಷ್ಟು ಅಲೆದಳು ಎಂಬ ಒಂದು ವಿವರವೂ ಇಲ್ಲ. ಚಟ್ನಿ ಅರೆಯುವುದನ್ನು ಅಷ್ಟು ಶ್ರದ್ಧೆಯಿಂದ ತೋರಿಸಿದವರು ಇದನ್ನೂ ತೋರಿಸಬೇಕಿತ್ತು.

ಕನ್ನಡದ ನೋಡುಗರಿಗೆ ಇಲ್ಲೊಂದು ಹೋಲಿಕೆ ತಾನಾಗಿ ಬರುತ್ತದೆ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ ‘ಶರಪಂಜರ’ದಲ್ಲಿ ಕಲ್ಪನಾ ಅವರ ಕಾವೇರಿ ಬಾಣಂತನದ ನಂತರದ ಮನೋರೋಗದಿಂದ ಗುಣವಾಗಿ ಬಂದರೂ ಮನೆ ಅವಳನ್ನು ಗುಣವಾದವಳೆಂದು ಒಪ್ಪುವುದಿಲ್ಲ. ನಮ್ಮ ಸಿನಿಮಾ ಹೆಣ್ಣಿನ ನೋವನ್ನು ಮುಖದಲ್ಲಿ, ಕಣ್ಣಲ್ಲಿ, ಹಾಡಿನಲ್ಲಿ ಹಿಡಿಯುವುದನ್ನು ಚೆನ್ನಾಗಿ ಕಲಿತಿತ್ತು. ‘ಕಿಚನ್’ ಕ್ಯಾಮೆರಾವನ್ನು ಮುಖದಿಂದ ಕೈಗೆ ಇಳಿಸಿತು. ಕಾವೇರಿಯನ್ನು ನೋಡಿ ಅಯ್ಯೋ ಪಾಪ ಎನ್ನುತ್ತೇವೆ. ಇಲ್ಲಿ ಪಾಪ ಎನ್ನುವ ಮೊದಲು ನಮ್ಮ ಮನೆಯ ಸಿಂಕು ನೆನಪಾಗುತ್ತದೆ.

ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ, ಅದೇ ಕೆಲಸ ಮಾಡುವ ಗಂಡಸರು 88 ನಿಮಿಷ. ಚಿತ್ರ ಉತ್ಪ್ರೇಕ್ಷೆ ಎನ್ನುವವರು ಈ ಎರಡು ಅಂಕಿಗಳನ್ನು ಪಕ್ಕದಲ್ಲಿ ಇಟ್ಟುಕೊಳ್ಳಲಿ. 289 ನಿಮಿಷದಲ್ಲಿ ಈ ಚಿತ್ರವನ್ನು ಎರಡೂಮುಕ್ಕಾಲು ಸಲಕ್ಕಿಂತ ಹೆಚ್ಚು ನೋಡಬಹುದು.

ಈಗ ‘ಮಿಸೆಸ್’. ಆರತಿ ಕಡವ್ ನಿರ್ದೇಶನ, ನಾಯಕಿ ಸಾನ್ಯಾ ಮಲ್ಹೋತ್ರಾ. 2025ರ ಫೆಬ್ರವರಿ 7ರಂದು ಜೀ5ನಲ್ಲಿ ಬಂತು. ಕಥೆ ಉತ್ತರ ಭಾರತದ ಸ್ಥಿತಿವಂತರ ಮನೆಗೆ ಹೋಗಿದೆ. ಹೆಂಡತಿಗೆ ರಿಚಾ ಎಂದು ಹೆಸರಿಟ್ಟಿದ್ದಾರೆ, ಗಂಡ ದಿವಾಕರ್ ಸ್ತ್ರೀರೋಗ ತಜ್ಞ. ಸ್ಥಳೀಕರಣ ಒಳ್ಳೆಯದಾಗಿದೆ. ಸೌದೆ ಒಲೆಯ ಅನ್ನದ ಜಾಗದಲ್ಲಿ ಫುಲ್ಕಾ ಬಂದಿದೆ. ಅನ್ನವನ್ನು ಒಮ್ಮೆ ಮಾಡಿಟ್ಟರೆ ಬಡಿಸಿಕೊಂಡು ಕೂತು ಉಣ್ಣಬಹುದು. ಫುಲ್ಕಾ ಉರಿಯಿಂದ ಇಳಿದ ಕೂಡಲೇ ತಟ್ಟೆಗೆ ಬೀಳಬೇಕು, ಹಾಗಾಗಿ ಗಂಡಸರ ಊಟ ಮುಗಿಯುವ ತನಕ ಮಾಡುವವಳು ಒಲೆ ಬಿಟ್ಟು ಅಲುಗಾಡುವ ಹಾಗಿಲ್ಲ. ಈ ವಿಷಯದಲ್ಲಿ ಹಿಂದಿ ಚಿತ್ರ ಮೂಲಕ್ಕಿಂತ ಒಂದು ಹೆಜ್ಜೆ ಮುಂದಿದೆ. ಶಿಕಂಜಿ, ಅಂದರೆ ನಿಂಬೆ ಪಾನಕ, ಮಾಡುವುದು ಹೇಗೆಂದು ಮನೆಗೆ ಬಂದ ಸಂಬಂಧಿ ಗಂಡಸೊಬ್ಬ ರಿಚಾಳ ತಲೆ ತಿನ್ನುವ ದೃಶ್ಯವೂ ಸೊಗಸಾಗಿದೆ. ಅಡುಗೆಯ ಬಗ್ಗೆ ಉಪದೇಶ ಕೊಡುವ ಗಂಡಸು, ಆಮೇಲಿನ ಪಾತ್ರೆಗಳ ಬಗ್ಗೆ ಮಾತಾಡುವುದಿಲ್ಲ. ಮಾವನಾಗಿ ಕನ್ವಲ್‌ಜಿತ್ ಸಿಂಗ್, ಚಟ್ನಿ ಮಿಕ್ಸಿಯದು ಎಂದು ನಾಲಗೆಯಲ್ಲೇ ಹಿಡಿಯುವವರು, ಮೂಲದ ಮೃದುತ್ವವನ್ನು ಬಹುಮಟ್ಟಿಗೆ ಉಳಿಸಿಕೊಂಡಿದ್ದಾರೆ.

ಎಡವಿದ್ದು ಗಂಡನ ಪಾತ್ರದಲ್ಲಿ. ಹೆಂಗಸರ ದೇಹವೇ ವೃತ್ತಿಯಾದ ಡಾಕ್ಟರು ಹೆಂಡತಿಯ ದೇಹದ ಬಗ್ಗೆ ಕುರುಡ ಎಂಬ ಯೋಚನೆ ಕಾಗದದ ಮೇಲೆ ಚೆನ್ನಾಗಿದೆ. ತೆರೆಯ ಮೇಲೆ ಅದು ಅವನನ್ನು ಬೇಗನೆ ಖಳನನ್ನಾಗಿ ಮಾಡುತ್ತದೆ. ಹಾಸಿಗೆಯ ದೃಶ್ಯದಲ್ಲಿ, ನಿನ್ನ ಮೈಯೆಲ್ಲ ಅಡುಗೆಮನೆ ವಾಸನೆ ಎಂದು ಅವನೇ ಬಾಯಿಬಿಟ್ಟು ಹೇಳುತ್ತಾನೆ. ಮೂಲದಲ್ಲಿ ಆ ವಾಸನೆ ಅವಳಿಗೆ ಮಾತ್ರ ಬರುತ್ತಿತ್ತು, ಅವನಿಗೆ ಅದರ ಅರಿವೇ ಇರಲಿಲ್ಲ. ಅರಿವಿಲ್ಲದಿರುವುದೇ ಅಲ್ಲಿ ದೊಡ್ಡ ಕ್ರೌರ್ಯ. ಖಳನಿದ್ದರೆ ನೋಡುವ ಗಂಡಸಿಗೆ ತಪ್ಪಿಸಿಕೊಳ್ಳಲು ದಾರಿ ಸಿಗುತ್ತದೆ: ನಾನಂತೂ ಇಷ್ಟು ಕೆಟ್ಟವನಲ್ಲಪ್ಪ. ಮಲಯಾಳಂ ಚಿತ್ರದಲ್ಲಿ ಆ ದಾರಿ ಮುಚ್ಚಿದೆ. ಇನ್ನೊಂದು, ಶಬರಿಮಲೆಯ ಎಳೆಯನ್ನು ಪೂರ್ತಿ ತೆಗೆದುಹಾಕಿದ್ದಾರೆ. ಕಥೆ ಉತ್ತರಕ್ಕೆ ಹೋದಾಗ ಅದು ಸಹಜ, ಆದರೆ ಅಷ್ಟೇ ತೂಕದ ಬೇರೇನನ್ನೂ ಅಲ್ಲಿ ಇಟ್ಟಿಲ್ಲ. ಹೀಗಾಗಿ ರಿಚಾಳ ಸಿಟ್ಟು ಒಂದು ಮನೆಯ ಮೇಲಿನ ಸಿಟ್ಟಾಗಿ ಉಳಿಯುತ್ತದೆ. ಹಿನ್ನೆಲೆ ಸಂಗೀತವೂ ಎಲ್ಲಿ ಬೇಸರಪಡಬೇಕು ಎಂದು ಮೊದಲೇ ಸೂಚನೆ ಕೊಡುತ್ತದೆ. ಸಾನ್ಯಾ ಮಾತ್ರ ಎಲ್ಲೂ ತಪ್ಪಿಲ್ಲ. ನಗುವಿನಿಂದ ಶುರುವಾಗುವ ಅವರ ಮುಖ ಒಂದೊಂದೇ ದೃಶ್ಯಕ್ಕೆ ಬಿಗಿಯುವುದನ್ನು ನೋಡಲೆಂದೇ ಈ ಚಿತ್ರ ನೋಡಬಹುದು.

2023ರಲ್ಲಿ ಐಶ್ವರ್ಯಾ ರಾಜೇಶ್ ನಟಿಸಿದ ತಮಿಳು ರೂಪವೂ ಬಂದಿದೆ. ಮೂಲವನ್ನು ನೋಡಿದವರಿಗೆ ಅದರಲ್ಲಿ ಹೊಸದೇನೂ ಇಲ್ಲ, ಬಿಟ್ಟರೂ ನಡೆಯುತ್ತದೆ.

ನೋಡುವ ವಿಧಾನದ ಬಗ್ಗೆ. ಮಲಯಾಳಂ ಧ್ವನಿಯಲ್ಲೇ, ಸಬ್‌ಟೈಟಲ್ ಹಾಕಿಕೊಂಡು ನೋಡಿ. ಮಾತು ಕಡಿಮೆ, ಅಡುಗೆಯ ಪದಗಳು ನಮಗೆ ಹತ್ತಿರದವು, ಕರಾವಳಿಯವರಿಗಂತೂ ಅರ್ಧಕ್ಕರ್ಧ ಹಾಗೇ ಅರ್ಥವಾಗುತ್ತದೆ. ಟಿವಿಯ ಸ್ಪೀಕರ್ ಸಣ್ಣದಿದ್ದರೆ ಹೆಡ್‌ಫೋನ್ ಹಾಕಿ, ಇಲ್ಲವಾದರೆ ತೊಟ್ಟಿಕ್ಕುವ ನೀರಿನ ಸದ್ದು ಫ್ಯಾನಿನ ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ವೇಗ ಹೆಚ್ಚಿಸಿ ನೋಡಬೇಡಿ, ಒಂದೇ ಸಲ ಕೂತು ಮುಗಿಸಿ. ಎರಡು ಕಂತಾದರೆ ದಣಿವು ಕಟ್ಟುವುದಿಲ್ಲ. ಊಟ ಮಾಡುತ್ತ ನೋಡುವ ಚಿತ್ರವಲ್ಲ, ಸಿಂಕಿನ ದೃಶ್ಯಗಳು ಹೊಟ್ಟೆ ತೊಳಸುತ್ತವೆ. ಎರಡರಲ್ಲೂ ಹಾಸಿಗೆಯ ದೃಶ್ಯಗಳಿವೆ, ಮೈ ತೋರಿಸುವಂಥದ್ದೇನೂ ಇಲ್ಲ. ಹೈಸ್ಕೂಲು ದಾಟಿದ ಮಕ್ಕಳ ಜೊತೆ, ಅದರಲ್ಲೂ ಗಂಡುಮಕ್ಕಳ ಜೊತೆ ಧಾರಾಳವಾಗಿ ನೋಡಬಹುದು. ಮದುವೆ ಗೊತ್ತಾದವರು ಇಬ್ಬರೂ ಕೂತು ನೋಡುವುದಾದರೆ ಮಲಯಾಳಂನದೇ ಇರಲಿ, ನೋಡಿದ ಮೇಲೆ ಒಂದು ತಾಸು ಬಿಡುವಿಟ್ಟುಕೊಳ್ಳಿ. ಅತ್ತೆ, ಅಮ್ಮಂದಿರ ಜೊತೆ ನೋಡುವುದಾದರೆ ಹಿಂದಿಯದು ಸುಲಭ. ಮುಟ್ಟು-ಮಡಿಯ ಮಾತು ಅದರಲ್ಲಿ ಮೆದುವಾಗಿದೆ, ದೇವರ ವಿಷಯಕ್ಕೆ ಜಗಳ ಹುಟ್ಟುವುದಿಲ್ಲ, ಫುಲ್ಕಾ ಪ್ರಸಂಗ ಬಂದಾಗ ಅವರೇ ಮಾತು ತೆಗೆಯುತ್ತಾರೆ.